ಕಾಯಿಕೊರಕನ ಹುಳುವೂ ವೈನಿಯ ಬೇವಿನ ಹಾಲೂ

ಹಿಂದೆ, ಹುಳುಗಳಿಗೂ ಮಾತು ಬರುತ್ತಿದ್ದ ಕಾಲಕ್ಕೆ, ತೊಗರಿನಾಡೆಂಬ ರಾಜ್ಯವಿತ್ತು. ಅಲ್ಲಿ ಮಾಳಿಂಗನೆಂಬ ಗಂಡುಗಲಿ. ಎತ್ತನ್ನೇ ಹೆಗಲ ಮೇಲೆ ಹೊತ್ತು ಹಳ್ಳ ದಾಟಿದವನು! ಹೊಟ್ಟೆಯೊಳಗೆ ಮಾತ್ರ ಮತ್ಸರದ ಕೆಂಡ.

ಕಾಯಿಕೊರಕನೆಂಬ ಮಾಂತ್ರಿಕ ಒನಕೆ ಗಾತ್ರದ ಹಸಿರು ಹುಳುಗಳನ್ನು ಹೊಲಗಳಿಗೆ ಬಿಟ್ಟಿದ್ದ. ಅವು ತಿಂದದ್ದೆಲ್ಲ ಅವನ ಹೊಟ್ಟೆಗೇ ಹೋಗುತ್ತಿತ್ತು. "ಹುಳುಗಳನ್ನು ಗೆದ್ದು ಬಿತ್ತಲಿಕ್ಕೆ ಕಾಳು ಉಳಿಸಿದವರಿಗೆ ನನ್ನ ಪೇಟ" ಎಂದು ರಾಜ ಡಂಗುರ ಹೊಡೆಸಿದ.

ನಾಡೆಲ್ಲ ಬೋಳಾದರೂ ಮಾಳಿಂಗನ ವೈನಿ, ಅಂದರೆ ಅಣ್ಣನ ಹೆಂಡತಿ, ಗಂಗವ್ವನ ತೊಗರಿ ಹಸಿರಾಗಿತ್ತು. "ಕೈಗುಣ ಅಂದ್ರ ಗಂಗವ್ವಂದು!" ಎಂದು ಜನ ಹೊಗಳಿದರೆ ಇವನ ಕಿವಿ ಸುಡುತ್ತಿತ್ತು. ಬೇಲಿಯಾಚೆ ಅಡಗಿ ನೋಡಿದ. ವೈನಿ ಬೇವಿನ ಬೀಜ ಕುಟ್ಟಿ, ಅರಿವೆಯಲ್ಲಿ ಕಟ್ಟಿ, ನೀರಲ್ಲಿ ನೆನೆಹಾಕಿ ಹಾಲಿನಂಥ ರಸ ಹಿಂಡಿದಳು. "ಇಷ್ಟೇನಾ!" ಎಂದುಕೊಂಡ.

ತಾನೂ ಹಿಂಡಿ, ತನ್ನ ತೊಗರಿಗೆ ನೆತ್ತಿ ಸುಡುವ ಬಿಸಿಲಲ್ಲಿ ಚಿಮುಕಿಸಿದ. ಸೂರ್ಯ ಕಹಿಯನ್ನೆಲ್ಲ ನೆಕ್ಕಿಬಿಟ್ಟ. "ಪಾನಕ ಛಲೋ ಐತಿ, ತಮ್ಮಾ!" ಎಂದಿತು ಹುಳು.

ಮತ್ತೆ ಹಿಂಡಿ, ಹೊತ್ತು ಇಳಿದ ಮೇಲೆ ಚಿಮುಕಿಸಿದ. ಎಲೆಯ ಮೇಲೆ ನಿಲ್ಲದೆ ಹನಿ ಹನಿಯಾಗಿ ಜಾರಿತು. "ಮೈ ತೊಳದಿ, ಬೆನ್ನೂ ತಿಕ್ಕೋ!" ಎಂದಿತು ಹುಳು.

ಅವನ ಹೊಲದಲ್ಲಿ ಉಳಿದದ್ದು ಒಂದೇ ಸಾಲು. ಅದೂ ಹೋದರೆ ಮಾಳಿಂಗನಿಗೆ ಬಿತ್ತಲಿಕ್ಕೆ ಹಿಡಿ ಕಾಳೂ ಇಲ್ಲ. ಹಲ್ಲು ಕಚ್ಚಿಕೊಂಡು ವೈನಿಯ ಹೊಸ್ತಿಲಿಗೆ ಹೋದ.

"ಸೋತೀನಿ ವೈನಿ. ಏನು ತಪ್ಪಿತು?"

"ಅಂಟುವಾಳದ ನೊರೆ ಕೂಡಿಸಬೇಕೋ ಮಳ್ಳಾ. ಆಗ ರಸ ಎಲೆ ಬಿಡೂದಿಲ್ಲ."

"ಬೇಲಿ ಹಿಂದ ನಾ ಇದ್ದದ್ದು ಗೊತ್ತಿತ್ತ?"

"ಗೊತ್ತಿತ್ತು. ಅದಕ್ಕ ನೊರೆ ಮನಿಯೊಳಗ ಹೋಗಿ ಕಲಸಿದೆ. ಪ್ರತಿ ವರ್ಷಾ ನಿನ್ನ ತೊಗರಿ ನಂದಕ್ಕಿಂತ ಗೇಣು ಎತ್ತರ. ನನಗೂ ಉರಿ ಇರೂದಿಲ್ಲೇನ?"

ಇಬ್ಬರೂ ಮುಖ ಮುಖ ನೋಡಿ ನಕ್ಕುಬಿಟ್ಟರು. ಸಂಜೆಗೆ ಇಬ್ಬರ ಹೊಲದಲ್ಲಿ ಉಳಿದ ಸಾಲುಸಾಲಿಗೂ ನೊರೆ ಬೆರೆಸಿದ ರಸ ಹೊಡೆದರು. ಎಲೆ ಕಚ್ಚಿದ ಹುಳುಗಳಿಗೆ ಬಾಯಿ ಕಟ್ಟಿತು, ಪೊರೆ ಕಳಚಲಿಲ್ಲ. ಅವನ್ನು ಗಿಡ ಅಲುಗಾಡಿಸಿ ಕಂಬಳಿಗೆ ಬೀಳಿಸಿದರು. ಊರ ಕೋಳಿಗಳಿಗೆ ಹಬ್ಬ. ನಾಡಲ್ಲಿ ಬೇರೆ ಹಸಿರೇ ಇಲ್ಲದೆ ಇತ್ತ ತುತ್ತು ನಿಂತ ಕಾಯಿಕೊರಕ ಸೊರಗಿ ಸೊರಗಿ ಹೊಟ್ಟಾದ. ಗಾಳಿ ಅವನನ್ನು ತೂರಿಕೊಂಡು ಹೋಯಿತು.

"ಪೇಟ ಯಾರ ತಲೆಗೆ?" ಎಂದ ರಾಜ.

"ನನ್ನ" ಎಂಬುದು ಮಾಳಿಂಗನ ನಾಲಿಗೆ ತುದಿಗೇ ಬಂದಿತ್ತು. ನುಂಗಿದ. ಬೇವಿಗಿಂತ ಕಹಿ! "ವೈನಿಗೆ ಸುತ್ತ್ರಿ" ಎಂದ.

ಗಂಗವ್ವ ಪೇಟ ಬಿಚ್ಚಿ ಬೀಜದ ಕಾಳು ಕಟ್ಟಿ ಮೈದುನನ ಹೆಗಲಿಗೇರಿಸಿದಳು. "ಎತ್ತು ಹೊತ್ತಾಂವ ಇದನ್ನೂ ಹೊರು. ಮನೆಮನೆಗೆ ಹಂಚೂನು ನಡಿ."

ಆ ನಾಡಿನ ಒಲೆಗಳ ಮೇಲೆ ಅಂದಿನಿಂದ ಬೇಳೆ ಬೇಯುವುದು ನಿಂತಿಲ್ಲ.