ಏಳನೇ ಲೇತ್‌ನ ಸಾಲುಗಳು

ಇದು ನಡೆದದ್ದು ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ, ಆಯುಧಪೂಜೆಯ ಹಾಡಹಗಲಲ್ಲಿ. ಪೂಜೆ ಮುಗಿದು, ಮೇನ್ ಸ್ವಿಚ್ ಆರಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ಮಿಷನ್ನುಗಳ ದಾಖಲೆ ಇಡುವ ಲಾಗ್ ಸರ್ವರ್ ಮಾತ್ರ ಯುಪಿಎಸ್ ಮೇಲೆ ಓಡುತ್ತಿತ್ತು. ಬೆಳಗಿನ ಪೂಜೆಯಾದಾಗಿನಿಂದ ಅದರ ಫೈಲುಗಳು ಕೆಡುತ್ತಾ, ದಾಖಲೆಗಳನ್ನು ಪಟ್ಟಿ ಮಾಡುವ ಇಂಡೆಕ್ಸ್ ಅರ್ಧಕ್ಕೇ ನಿಲ್ಲುತ್ತಿತ್ತು. ಸಂಜೆಯೊಳಗೆ ಸರಿಯಾಗದಿದ್ದರೆ ಇಡೀ ವರ್ಷದ ದಾಖಲೆ ಹೋದಂತೆಯೇ.

ಸರ್ವರ್ ನೋಡಿಕೊಳ್ಳುವ ನಾನು ಊಟ ಬಿಟ್ಟು ಕೂತಿದ್ದೆ. ಮೂರನೇ ಸಲಕ್ಕೆ ತಪ್ಪು ಸಿಕ್ಕಿತು, ಕುಣಿಯುವಂತಾಯಿತು! ಪ್ರತಿ ಸಲವೂ ಇಂಡೆಕ್ಸ್ ನಿಲ್ಲುತ್ತಿದ್ದದ್ದು ಏಳನೇ ಲೇತ್‌ನ ದಾಖಲೆಯ ಸಾಲಿನಲ್ಲೇ. ಅಳಿಸಿದೆ. ಆರು ಸೆಕೆಂಡಿಗೆ ಹೊಸ ಸಾಲು ಬಂತು. ಮತ್ತೆ ಅಳಿಸಿದೆ, ಮತ್ತೆ ಬಂತು.

ಲೇತ್ ವಿಭಾಗದ ಹಳೆಯ ಕೆಲಸಗಾರ ದೊಡ್ಡರಂಗಯ್ಯನವರನ್ನು ಕರೆದೆ.

"ಏಳನೇದಾ? ಅದನ್ನ ಗುಜರಿಗೆ ಹಾಕಿ ವರ್ಸ ಆಯ್ತಲ್ಲಮ್ಮ ಮಾಲಿನಿ!"

ಲ್ಯಾಪ್‌ಟಾಪ್ ಹಿಡಿದುಕೊಂಡೇ ಅದಿದ್ದ ಜಾಗಕ್ಕೆ ಓಡಿದೆ, ಹಿಂದೆಯೇ ಅವರು. ಖಾಲಿ ನೆಲ, ನಾಲ್ಕು ಬೋಲ್ಟಿನ ತೂತು, ನಡುವೆ ಕುಂಕುಮ, ಚೆಂಡುಹೂವಿನ ಹಾರ.

"ನಾನೇ ಇಟ್ಟಿದ್ದು ಕಣಮ್ಮ. ಇಪ್ಪತ್ತೆರಡು ವರ್ಸ ಅದ್ರ ಮುಂದೆ ನಿಂತವ್ನು, ಕೈ ತಾನಾಗೇ ಹೋಯ್ತು."

ಚಪ್ಪಲಿ ದಾಟಿ ನೆಲದ ಬಿಸಿ ಕಾಲಿಗೆ ತಾಗುತ್ತಿತ್ತು. ಅವರು ಹಾರ ಎತ್ತಿದರು. ಪರದೆಯ ಮೇಲೆ ಹೊಸ ಸಾಲು ಬರುವುದು ನಿಂತಿತು. ಇಂಡೆಕ್ಸ್ ಸಲೀಸಾಗಿ ಮುಗಿಯಿತು. "ಗೆದ್ವಿ!" ಎಂದು ಕೂಗಿ ಹಾರವನ್ನು ಕೈಗೆ ತೆಗೆದುಕೊಂಡೆ.

ಎಸಳುಗಳ ನಡುವೆ, ಲೇತ್ ಓಡುವಾಗ ಉದುರುವಂಥ ಕಬ್ಬಿಣದ ಸುರುಳಿಯೊಂದು ಸಿಕ್ಕಿಕೊಂಡಿತ್ತು. ಅದು ಬೆರಳು ಸುಟ್ಟ ಕಲೆ ಇನ್ನೂ ಹೋಗಿಲ್ಲ.