ಬಿಳಿ ಬಾಟಲಿ, ಹಸಿರು ಬಾಟಲಿ

ಘಟ್ಟದ ಆಚೆ, ಹಿಮ ಅಳೆಯುವ ಠಾಣೆಯಲ್ಲಿ ಅಣ್ಣ ಒಬ್ಬನೇ ಇದ್ದ. ಹಳೇ ತಗಡು ತಾಗಿ ಪಾದ ಸೀಳಿಕೊಂಡು ಆರು ದಿನವಾಗಿತ್ತು. ಮೊದಲೈದು ದಿನ ರೇಡಿಯೋದಲ್ಲಿ ನಗುನಗುತ್ತಲೇ ಮಾತಾಡಿದವನು ಆರನೇ ದಿನ ಬೆಳಿಗ್ಗೆ, "ಬೆರಳು ಕಪ್ಪಗಾಗ್ತಿದೆ, ವಾಸನೆ ಬರ್ತಿದೆ," ಎಂದ. ಆಮೇಲೆ ಎಷ್ಟು ಕೂಗಿದರೂ ಉತ್ತರವಿಲ್ಲ.

ಸೇತುವೆ ಕುಸಿದಿದ್ದರಿಂದ ಜೀಪು ದಾಟುವಂತಿರಲಿಲ್ಲ. ಮೋಡ ನೆಲಕ್ಕಿಳಿದಿದ್ದರಿಂದ ಹೆಲಿಕಾಪ್ಟರ್ ಏಳುವಂತಿರಲಿಲ್ಲ. ನಡೆದು ಹೋದರೆ ಐದು ದಿನ. ಸೈಕಲ್ಲಿನಲ್ಲಿ, ಎಲ್ಲ ಸರಿಹೋದರೆ, ಎರಡೇ ದಿನ. ಹಾಗಾಗಿ ಮೂವರು ಹೊರಡುವುದೆಂದಾಯಿತು: ನರ್ಸ್ ಕೆಲಸದ ಅತ್ತಿಗೆ, ಆ ಬೆಟ್ಟಗಳನ್ನೆಲ್ಲ ಸರ್ವೆ ಮಾಡಿದ್ದ ಅಣ್ಣನ ಷಡ್ಡಕ, ಮತ್ತು ಸೈಕಲ್ ರಿಪೇರಿ ಅಂಗಡಿಯ ತಮ್ಮ.

ತಮ್ಮನಿಗೆ ಪೇಟೆಯಲ್ಲೆಲ್ಲ 'ಆಯ್ತಪ್ಪ' ಎಂದೇ ಹೆಸರು. ಯಾರು ಏನು ಕೇಳಿದರೂ "ಆಯ್ತಪ್ಪ" ಎನ್ನುವ ಪ್ರಾಣಿ. ಇವತ್ತೇ ಬೇಕೆಂದವರಿಗೂ ಆಯ್ತು, ಈಗಲೇ ಬೇಕೆಂದವರಿಗೂ ಆಯ್ತು. ಕೈಕಸುಬಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಒಬ್ಬರ ಮುಖ ಸಪ್ಪಗಾಗುವುದನ್ನು ನೋಡುವುದೆಂದರೆ ಅವನಿಗೆ ಜೀವ ಹೋದ ಹಾಗೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರೂ ಸೈಕಲ್ಲುಗಳನ್ನು ತಲೆಕೆಳಗೆ ನಿಲ್ಲಿಸಿತ್ತು. ಮೂರೂ ಟ್ಯೂಬ್‌ಲೆಸ್. ಇಂಥ ಟಯರಿನೊಳಗೆ ಟ್ಯೂಬ್ ಇರುವುದಿಲ್ಲ. ಒಂದಿಷ್ಟು ಸೀಲಂಟ್ ಸುರಿದಿರುತ್ತಾರೆ. ತೂತು ಬಿದ್ದ ಕೂಡಲೇ ಆ ದ್ರವ ಅಲ್ಲಿಗೆ ನುಗ್ಗಿ ಗಟ್ಟಿಯಾಗಿ ಗಾಳಿಯನ್ನು ತಡೆಯುತ್ತದೆ. ಬೆಂಚಿನ ಮೇಲೆ ಎರಡು ಬಾಟಲಿಗಳಿದ್ದವು. ಬಿಳಿಯದು ರಬ್ಬರ್ ಹಾಲಿನದ್ದು, ಕಲ್ಲು ಸೀಳಿದ ದೊಡ್ಡ ಗಾಯವನ್ನೂ ಮುಚ್ಚಬಲ್ಲದು, ಆದರೆ ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಹಸಿರಿನದು ಎಂಥ ಚಳಿಗೂ ಜಗ್ಗದು, ಆದರೆ ಮುಳ್ಳಿನ ತೂತಿಗಷ್ಟೇ ಸರಿ.

"ಬಿಳಿದೇ ಹಾಕು," ಎಂದ ಷಡ್ಡಕ. "ಮೊದಲ ದಿನವೆಲ್ಲ ಕಲ್ಲುಬಯಲು. ಒಂದೊಂದು ಕಲ್ಲೂ ಚಾಕು ಕಣಯ್ಯ. ಬಯಲೇ ದಾಟದಿದ್ರೆ ಘಟ್ಟದ ಮಾತೆಲ್ಲಿ?"

"ಆಯ್ತು ಭಾವ," ಎಂದ ತಮ್ಮ.

"ಘಟ್ಟದ ಮೇಲೆ ನೀರಿನ ಬಾಟಲಿಯೇ ಕಲ್ಲಾಗುತ್ತೆ," ಎಂದಳು ಅತ್ತಿಗೆ. "ಅಲ್ಲಿ ಕೈಕೊಟ್ರೆ ಏನ್ ಮಾಡ್ತೀಯ? ಹಸಿರೇ ಇರ್ಲಿ."

"ಆಯ್ತು ಅತ್ತಿಗೆ."

ಅವಳ ಕಣ್ಣು ಕೆಂಪಗಿತ್ತು. ಷಡ್ಡಕನ ದನಿ ಏರುತ್ತಿತ್ತು. ಸರಿಯಾದ ಉತ್ತರ ತಮ್ಮನ ನಾಲಗೆಯ ತುದಿಯಲ್ಲೇ ಇತ್ತು: ಹಸಿರು ಹಾಕಬೇಕು, ಕಲ್ಲಿನ ಗಾಯಕ್ಕೆ ರಬ್ಬರ್ ಬತ್ತಿ ತುರುಕಬೇಕು. ಗಾಯಕ್ಕೆ ಮದ್ದುಂಟು, ಹೆಪ್ಪುಗಟ್ಟಿದ್ದಕ್ಕೆ ಇಲ್ಲ. ಹಾಗೆಂದರೆ ಷಡ್ಡಕನ ಮಾತನ್ನು ತೆಗೆದುಹಾಕಿದಂತೆ. ಅವರಿಬ್ಬರೂ ಔಷಧದ ಪೆಟ್ಟಿಗೆ ಕಟ್ಟಲು ಹೊರಗೆ ಹೋದಾಗ, ಪುಣ್ಯಾತ್ಮ, ಆರೂ ಟಯರಿಗೆ ಅರ್ಧ ಬಿಳಿ, ಅರ್ಧ ಹಸಿರು ಸುರಿದುಬಿಟ್ಟ. ಇಬ್ಬರ ಮಾತೂ ನಡೆದ ಹಾಗಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡ. ಉಳಿದ ಹಸಿರನ್ನು ಸಣ್ಣ ಬಾಟಲಿಗೆ ಬಗ್ಗಿಸಿ ಚೀಲದಲ್ಲಿಟ್ಟ.

ಬೆಳಗಿನ ಜಾವ ಕುಸಿದ ಸೇತುವೆಯ ಬಳಿ ಹಗ್ಗ ಹಿಡಿದು, ಸೈಕಲ್ಲು ಹೊತ್ತು ಆಚೆ ದಡ ಸೇರಿದರು. ಕಲ್ಲುಬಯಲು ಕಣ್ಣು ಹರಿಯುವಷ್ಟು ದೂರಕ್ಕೂ ಬೂದುಬಣ್ಣ. ಮರವಿಲ್ಲ, ಹಕ್ಕಿಯಿಲ್ಲ. ನೆಲಕ್ಕೆ ಅಂಟಿಕೊಂಡ ಮುಳ್ಳಿನ ಪೊದೆಗಳು, ಅವುಗಳ ನಡುವೆ ನೆಟ್ಟಗೆ ನಿಂತ ಕರಿಕಲ್ಲಿನ ಚೂರುಗಳು. ಎದುರಿಗೆ ಘಟ್ಟ ಇರಬೇಕಾದ ಜಾಗದಲ್ಲಿ ಬರೀ ಮೋಡ. ಗಾಳಿ ಒಂದೇ ಸಮನೆ ಎದೆಗೆ ಬಡಿಯುತ್ತಿತ್ತು. ಮೂವರೂ ತಲೆ ತಗ್ಗಿಸಿ ಪೆಡಲ್ ತುಳಿದರು.

ಹತ್ತು ಗಂಟೆಗೆ ಷಡ್ಡಕನ ಹಿಂದಿನ ಚಕ್ರ ಬುಸ್ಸೆಂದಿತು.

"ಒಂದು ನಿಮಿಷ, ತಾನೇ ಮುಚ್ಕೊಳ್ಳುತ್ತೆ," ಎಂದ ತಮ್ಮ.

ಮುಚ್ಚಿಕೊಳ್ಳಲಿಲ್ಲ. ಬತ್ತಿ ತುರುಕಿದ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅತ್ತಿಗೆಯ ಮುಂದಿನ ಚಕ್ರ. ಆಮೇಲೆ ತನ್ನದೇ. ಬರೀ ಮುಳ್ಳಿನ ತೂತು! ಅದೂ ನಿಲ್ಲಲಿಲ್ಲ.

ಟಯರಿನ ಅಂಚು ಬಿಚ್ಚಿ ಒಳಗೆ ಬೆರಳಾಡಿಸಿದ. ಒಡೆದ ಹಾಲಿನ ಹಾಗೆ ಗಂಟುಗಂಟು. ತಳದಲ್ಲಿ ತೆಳ್ಳಗಿನ ನೀರು. ಒಂದನ್ನೊಂದು ಸೇರದ ಎರಡು ದ್ರವ ಒಂದನ್ನೊಂದು ಕೆಡಿಸಿ ಕೂತಿದ್ದವು.

"ಏನಾಯ್ತು?" ಎಂದಳು ಅತ್ತಿಗೆ.

"ಟಯರ್ ಸ್ವಲ್ಪ ಹಳೇದು," ಎಂದುಬಿಟ್ಟ. ಬಾಯಿಗೆ ಬಂದ ಸುಳ್ಳು, ಥೂ, ಎಷ್ಟು ಸಲೀಸಾಗಿ ಬಂತು!

ತುರ್ತಿಗೆಂದು ತಂದಿದ್ದ ನಾಲ್ಕು ಟ್ಯೂಬುಗಳನ್ನು ಟಯರಿನೊಳಗೆ ತೂರಿಸಿದ. ಅವನ್ನೂ ಮಧ್ಯಾಹ್ನದೊಳಗೆ ಮುಳ್ಳು ಜರಡಿ ಮಾಡಿತು. ತೇಪೆ ಹಾಕುವುದು, ಗಾಳಿ ಹೊಡೆಯುವುದು, ಮತ್ತೆ ತೇಪೆ. ಬೆರಳ ತುದಿ ಬಿರಿದು ರಕ್ತ ಬಂತು. ಸಂಜೆ ಡೇರೆ ಹಾಕಿದಾಗ ಅವರು ಬಯಲಿನ ಮುಕ್ಕಾಲನ್ನೂ ದಾಟಿರಲಿಲ್ಲ. ಅತ್ತಿಗೆ ರೇಡಿಯೋ ಹಿಡಿದು ಗಂಡನನ್ನು ಕೂಗುತ್ತಲೇ ಇದ್ದಳು. ಆ ಕಡೆಯಿಂದ ಗರಗರ ಸದ್ದು ಬಿಟ್ಟರೆ ಬೇರೇನಿಲ್ಲ. ತಮ್ಮ ಊಟ ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ, ಘಟ್ಟದ ಬುಡಕ್ಕೆ ತಲುಪುವಾಗ ತೇಪೆಗಳೂ ಮುಗಿದವು. ಮೂರು ಸೈಕಲ್ಲು, ಆರು ಚಪ್ಪಟೆ ಚಕ್ರ. ಷಡ್ಡಕ ಕಲ್ಲಿನ ಮೇಲೆ ಕೂತು ತಲೆ ಮೇಲೆ ಕೈ ಹೊತ್ತುಕೊಂಡ.

"ತಳ್ಕೊಂಡೇ ಹೋಗೋಣ. ಮೂವರೂ ಒಟ್ಟಿಗಿರೋಣ," ಎಂದ.

"ಇಲ್ಲ," ಎಂದ ತಮ್ಮ.

ಇಬ್ಬರೂ ತಿರುಗಿ ನೋಡಿದರು.

"ಇಲ್ಲ ಭಾವ. ತಳ್ಕೊಂಡು ಹೋದ್ರೆ ಇನ್ನೂ ಎರಡು ದಿನ. ಅಣ್ಣ ಉಳಿಯಲ್ಲ." ಚೀಲದಿಂದ ಸಣ್ಣ ಬಾಟಲಿ ತೆಗೆದ. "ಟಯರ್ ಹಳೇದಲ್ಲ. ನಾನು ಎರಡೂ ಬಾಟಲಿ ಬೆರೆಸಿದೆ. ನಿಮ್ಮಿಬ್ರಿಗೂ ಬೇಜಾರಾಗ್ಬಾರ್ದು ಅಂತ. ನಿನ್ನೆಯೇ ಗೊತ್ತಾಯ್ತು, ಹೇಳ್ಲಿಲ್ಲ."

ಷಡ್ಡಕ ಎದ್ದು ಬಂದು ಅವನ ಕಾಲರ್ ಹಿಡಿದ. ಅತ್ತಿಗೆಯ ಮುಖ ಬೂದಿಯಂತಾಗಿತ್ತು.

"ಕಾಲರ್ ಬಿಡಿ, ಟೈಮಿಲ್ಲ," ಎಂದಳು. "ಈಗೇನ್ ಮಾಡ್ಬೇಕು? ಹೇಳು."

"ಒಂದು ಸೈಕಲ್ಲಿಗಾಗುವಷ್ಟು ಹಸಿರು ಉಳಿದಿದೆ. ದೊಡ್ಡ ಗಾಯವಿಲ್ಲದ ಎರಡು ಟಯರ್ ಆರಿಸಿ ನಿಮಗೆ ಕೊಡ್ತೀನಿ. ನೀವೊಬ್ರೇ ಹೋಗಿ. ನಾವು ಹಿಂದಿನಿಂದ ಬರ್ತೀವಿ."

"ಹೆಂಗಸೊಬ್ಬಳನ್ನ ಆ ಘಟ್ಟಕ್ಕೆ..." ಎಂದು ಶುರುಮಾಡಿದ ಷಡ್ಡಕ.

"ಇಂಜೆಕ್ಷನ್ ಕೊಡೋಕೆ ನಿಮಗೆ ಬರುತ್ತಾ ಭಾವ?" ಎಂದ ತಮ್ಮ. "ಬರಲ್ಲ ತಾನೆ? ಪಂಪು ಹಿಡ್ಕೊಳ್ಳಿ."

ಗಂಟುಗಳನ್ನೆಲ್ಲ ಬಾಚಿ ಚೆಲ್ಲಿದ. ಅಂಗಿ ಹರಿದು ಟಯರಿನ ಒಳಮೈ ಒರೆಸಿದ. ಹಸಿರು ಸುರಿದ. ಅಂಚು ರಿಮ್ಮಿಗೆ ಕೂರಬೇಕಾದರೆ ಗಾಳಿ ಒಂದೇ ಉಸಿರಿಗೆ ನುಗ್ಗಬೇಕು. ಷಡ್ಡಕ ಪಂಪು ಒತ್ತಿದ. ಗಾಳಿ ಸೋರಿತು. ಮತ್ತೆ ಒತ್ತಿದ. ಸೋರಿತು.

"ನಿಲ್ಲಿಸ್ಬೇಡಿ!"

"ಕೈ ಬಿದ್ದುಹೋಗ್ತಿದೆ ಕಣೋ!"

"ಬೀಳ್ಲಿ, ಒತ್ತಿ!"

ಟಪ್! ಟಪ್! ಅಂಚು ಕೂತಿತು. ಎರಡನೆಯದು ಕೂರುವಷ್ಟರಲ್ಲಿ ಇಬ್ಬರೂ ಹೈರಾಣಾಗಿದ್ದರು. ಅತ್ತಿಗೆ ಔಷಧದ ಪೆಟ್ಟಿಗೆಯನ್ನು ಬೆನ್ನಿಗೆ ಬಿಗಿದು ಹತ್ತಿದಳು. ಹಿಂತಿರುಗಿ ನೋಡಲಿಲ್ಲ. ಮೋಡ ಅವಳನ್ನು ನುಂಗಿತು.

ಘಟ್ಟದ ದಾರಿ ಬಂಡೆಯ ಪಕ್ಕೆಯಲ್ಲಿ ಕೊರೆದ ಗೀರಿನಂತಿತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಗಂಡಸರಿಬ್ಬರೂ ಸೈಕಲ್ಲುಗಳನ್ನು ಬುಡದಲ್ಲೇ ಬಿಟ್ಟು, ಡೇರೆ, ಅಕ್ಕಿ, ಒಲೆ ಹೊತ್ತು ನಡೆದರು. ಹಿಮದ ಮೇಲೆ ಅತ್ತಿಗೆಯ ಚಕ್ರದ ಗೆರೆ ಸಣ್ಣಗೆ ಕಾಣುತ್ತಿತ್ತು. ತಮ್ಮನ ಕಣ್ಣು ಆ ಗೆರೆ ಬಿಟ್ಟು ಕದಲಲಿಲ್ಲ. ಗೆರೆ ಅಗಲವಾದರೆ ಗಾಳಿ ಇಳಿದಿದೆಯೆಂದೇ ಅರ್ಥ. ಅಗಲವಾಗಲಿಲ್ಲ.

ಒಂದು ತಿರುವಿನಲ್ಲಿ ಗೆರೆ ಅಂಚಿನ ಕಡೆ ಜಾರಿತ್ತು. ತಮ್ಮ ಓಡಿದ.

ಕಾಲು ತಪ್ಪಿತು. ಸೊಂಟದವರೆಗೂ ಗಾಳಿಯಲ್ಲಿ.

ಷಡ್ಡಕ ಅವನ ಚೀಲದ ಪಟ್ಟಿ ಹಿಡಿದು ಎಳೆದ. ಇಬ್ಬರೂ ಗೋಡೆಗೆ ಒರಗಿ ಏದುಸಿರು ಬಿಟ್ಟರು. ಗೆರೆ ಅಂಚಿನಿಂದ ಒಂದು ಮೊಳ ಇತ್ತಲಾಗಿ ತಿರುಗಿ ಮತ್ತೆ ಮುಂದೆ ಹೋಗಿತ್ತು.

"ಹೋಗಿದಾಳೆ ಕಣೋ," ಎಂದ ಷಡ್ಡಕ. "ಏಳು. ನೀನು ಸತ್ರೆ ಬೈಯೋಕೆ ನನಗ್ಯಾರು ಸಿಗ್ತಾರೆ?"

ಅವರು ಠಾಣೆ ಮುಟ್ಟಿದ್ದು ಮರುದಿನ ಸಂಜೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ಜೀವ ಇದೆ. ಜ್ವರ ಇಳೀತಿದೆ," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಪಾದ ಉಳಿಯಲ್ಲ. ಒಂದು ದಿನ ಮೊದಲು ಬಂದಿದ್ರೆ ಬೆರಳಷ್ಟೇ ಹೋಗ್ತಿತ್ತೇನೋ."

ಆ ಒಂದು ದಿನ ಯಾರದೆಂದು ಅವಳು ಹೇಳಲಿಲ್ಲ. ತಮ್ಮ ಹಿಮದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ.

ಹಿಂದಿರುಗಲು ಐದು ದಿನ ಹಿಡಿಯಿತು. ಅಣ್ಣನನ್ನು ಸೈಕಲ್ಲಿನ ಮೇಲೆ ಕೂರಿಸಿ, ಕಟ್ಟು ಹಾಕಿದ ಕಾಲನ್ನು ಹ್ಯಾಂಡಲಿಗೆ ಜೋಲಿ ಕಟ್ಟಿ ಎತ್ತಿಟ್ಟು, ಇಬ್ಬರು ಎರಡೂ ಬದಿ ಹಿಡಿದು ತಳ್ಳಿದರು. ಘಟ್ಟದ ನೆತ್ತಿಯ ಮೇಲೆ ತಮ್ಮ ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಅಣ್ಣ ಕೇಳಿಸಿಕೊಂಡ, ಮುಖ ತಿರುಗಿಸಿದ. ಅಲ್ಲಿಂದ ಮೂರು ದಿನ ತಮ್ಮನೊಡನೆ ಒಂದು ಮಾತಿಲ್ಲ. ನೀರು ಬೇಕಾದರೆ ಷಡ್ಡಕನನ್ನೇ ಕೇಳಿದ. ಬಯಲಿನಲ್ಲಿ ಮುಳ್ಳು ಚುಚ್ಚಿದಾಗಲೆಲ್ಲ ಹಸಿರು ಹನಿ ಚಿಮ್ಮಿ, ಹೆಪ್ಪಾಗಿ, ಗಾಳಿ ನಿಂತಿತು. ಒಂದು ಕಲ್ಲು ಸೀಳಿತು. ತಮ್ಮ ಬತ್ತಿ ತುರುಕಿದ, ನಿಂತಿತು.

ಸೇತುವೆಯ ಈಚೆ ದಡದಲ್ಲಿ ಜನ ಹಗ್ಗ ಕಟ್ಟಿ ಕಾದಿದ್ದರು. ಮೂವರು ಹೋಗಿ ನಾಲ್ವರಾಗಿ ಬಂದದ್ದು ಕಂಡು ಯಾರೋ ಕೂಗು ಹಾಕಿದರು. ಷಡ್ಡಕ ಕೈಯೆತ್ತಿದ, ಅತ್ತಿಗೆ ಮೊದಲ ಸಲ ಕಣ್ಣೊರೆಸಿಕೊಂಡಳು. ಅಣ್ಣನನ್ನು ಸ್ಟ್ರೆಚರಿನಲ್ಲಿ ದಾಟಿಸಿ ಆಂಬುಲೆನ್ಸಿಗೆ ಏರಿಸಿದರು.

"ಜೊತೆಗೆ ಒಬ್ರು ಮಾತ್ರ," ಎಂದ ಡ್ರೈವರ್. ಅತ್ತಿಗೆ ಮೆಟ್ಟಿಲ ಮೇಲೆ ಕಾಲಿಟ್ಟಳು.

ಅಣ್ಣ ತಲೆಯೆತ್ತಿದ. ದೂರದಲ್ಲಿ ಸೈಕಲ್ ಹಿಡಿದು ನಿಂತಿದ್ದ ತಮ್ಮನ ಕಡೆ ಕೈ ತೋರಿಸಿದ.

"ಅವನು ಬರ್ಲಿ," ಎಂದ. "ಕಾಲು ತೆಗೆಯೋವಾಗ ಅವನೇ ನನ್ನ ಕೈ ಹಿಡ್ಕೊಂಡಿರ್ಬೇಕು."

ಅತ್ತಿಗೆ ಗಂಡನನ್ನೊಮ್ಮೆ, ಮೈದುನನನ್ನೊಮ್ಮೆ ನೋಡಿ ಕೆಳಗಿಳಿದಳು. ತಮ್ಮ ಸೈಕಲ್ಲನ್ನು ಅವಳ ಕೈಗೆ ಕೊಟ್ಟ. ಆಂಬುಲೆನ್ಸ್ ಹತ್ತಿ ಅಣ್ಣನ ಪಕ್ಕ ಕೂತು ಅವನ ಕೈ ಹಿಡಿದುಕೊಂಡ.