ತಟ್ಟೆಯಲ್ಲಿಲ್ಲದ ಚಿತ್ರ

ಕಲ್ಲಿನ ತೊಟ್ಟಿಯ ಅಂಚಿಗೆ ರಕ್ತ ಮೆತ್ತಿತ್ತು. ಕೆಳಗೆ ವಿದಾದ್ ಸತ್ತು ಬಿದ್ದಿದ್ದಳು. ಮಹಡಿಯಲ್ಲಿ ಅವಳು ಫೋಟೋ ತೊಳೆಯುವ ಆ ಕತ್ತಲೆ ಕೋಣೆಯನ್ನು ಮಧ್ಯಾಹ್ನ ತೆರೆದವನು ಅಣ್ಣ ಝುಹೈರ್.

ಇನ್ಸ್‌ಪೆಕ್ಟರ್ ಮುಫೀದಾ ಸುತ್ತ ನೋಡಿದಳು. ಗೋಡೆ ತುಂಬ ವಿದಾದ್ ತೆಗೆದ ಚಿತ್ರಗಳು, ಅವಳ ಮನೆಯವರದ್ದೇ. ಹಲ್ಲಿನ ಸೆಟ್ಟು ತೆಗೆದಿಟ್ಟು ಮಲಗಿದ ಅಪ್ಪ. ಕುಡಿದು ಬಚ್ಚಲಲ್ಲಿ ಅಳುತ್ತಿರುವ ಅಣ್ಣ. ಉದುರಿದ ಕೂದಲನ್ನು ಬೆರಳಿಗೆ ಸುತ್ತಿಕೊಂಡ ಅಮ್ಮ. ಬಾಗಿಲು ತಟ್ಟದೆ ಯಾರದೋ ಮನೆಗೆ ನುಗ್ಗಿದಂತಾಯಿತು ಮುಫೀದಾಗೆ. ಶುಕ್ರವಾರ ಇವೆಲ್ಲ ಟ್ಯುನಿಸ್‌ನ ಪ್ರದರ್ಶನಕ್ಕೆ ಹೋಗುವುದಿತ್ತು.

ಹಗ್ಗಕ್ಕೆ ಹೊಸ ಫಿಲ್ಮು ತೂಗುಬಿಟ್ಟಿತ್ತು. ಚೀಟಿಯಲ್ಲಿ ತೊಳೆದ ತಾರೀಖು ಇವತ್ತಿನದೇ. ಅದರಿಂದ ಕತ್ತರಿಸಿದ ಒಂದು ತುಂಡು ಮುದ್ರಿಸುವ ಯಂತ್ರದಲ್ಲೇ ಉಳಿದಿತ್ತು. ಚಿತ್ರ ಮೂಡಲು ಕಾಗದವನ್ನು ಅದ್ದಿಡುವ ತಟ್ಟೆಯಲ್ಲಿ ಇರಬೇಕಾದ ಚಿತ್ರ ಮಾತ್ರ ಇರಲಿಲ್ಲ. ಮುಫೀದಾ ಆ ತುಂಡನ್ನು ಸದ್ದಿಲ್ಲದೆ ಲಕೋಟೆಗೆ ಸೇರಿಸಿ ಮುದ್ರಿಸಲು ಕಳಿಸಿದಳು.

* * *

ಓಣಿಯೆಲ್ಲ ಝುಹೈರ್‌ನತ್ತ ಬೆರಳು ತೋರಿಸಿತು. ಬಚ್ಚಲಿನ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅವನು ತಂಗಿಯ ಕ್ಯಾಮೆರಾವನ್ನು ಗೋಡೆಗೆ ಅಪ್ಪಳಿಸಿದ್ದ. ಈಗ ಅವನ ಅಂಗೈಗೆ ಬಟ್ಟೆ ಸುತ್ತಿತ್ತು.

"ಒಡೆದದ್ದು ಕ್ಯಾಮೆರಾನ. ಅವಳನ್ನಲ್ಲ," ಎಂದ.

ಬಿಝರ್ತೆ ಬಂದರಿನ ದೋಣಿಯವರು ಸಾಕ್ಷಿ ಹೇಳಿದರು. ನಸುಕಿನಿಂದ ಮಧ್ಯಾಹ್ನ ಮನೆಗೆ ಹೊರಡುವವರೆಗೂ ಅವನು ಅವರೊಂದಿಗೇ ಇದ್ದ. ಅಂಗೈ ಕೊಯ್ದದ್ದು ಗಾಳದ ದಾರ. ಮುಫೀದಾ ಅವನನ್ನು ಮನೆಗೆ ಕಳಿಸಿದಳು. ಅಷ್ಟರಲ್ಲಿ ಮುದ್ರಿಸಲು ಕಳಿಸಿದ್ದ ಚಿತ್ರ ಬಂತು. ಅದನ್ನು ನೋಡಿ ಮತ್ತೆ ಲಕೋಟೆಗೆ ಸೇರಿಸಿ, ಅವರ ಮನೆಗೇ ಹೊರಟಳು.

* * *

ತಾಯಿ ಖದೂಜಾ ಗಂಡನನ್ನು ಕಳೆದುಕೊಂಡು ವಾರವಾಗಿತ್ತಷ್ಟೆ. ಮಂಡಿನೋವಿನಿಂದ ತಿಂಗಳುಗಟ್ಟಲೆ ಮಹಡಿ ಹತ್ತಿಲ್ಲ, ನಸುಕಿಗೇ ಮೇಲೆ ಹೋದ ಮಗಳು ಇಳಿದೇ ಇರಲಿಲ್ಲ ಎಂದಳು.

"ಚಿತ್ರಗಳನ್ನೆಲ್ಲ ಠಾಣೆಗೆ ತಗೊಂಡು ಹೋಗ್ತೀವಿ, ಅಮ್ಮಾ."

"ನಂದು ಯಾರಿಗೂ ತೋರಿಸ್ಬೇಡ ಮಗಳೇ."

"ಕೂದಲು ಸುತ್ತಿಕೊಂಡದ್ದಾ?"

"ಅದು ಹೋಗ್ಲಿ. ಅವರ ಹೆಣದ ಪಕ್ಕ ಕೂತಿದ್ನಲ್ಲ, ಅದು."

ಮುಫೀದಾ ಲಕೋಟೆಯಿಂದ ಆ ಚಿತ್ರವನ್ನೇ ಹೊರತೆಗೆದಳು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ಚಿತ್ರದ ಅಂಚಿನಲ್ಲಿ ಪರದೆಯ ಮಡಿಕೆ ಬಿದ್ದಿದೆ. ವಿದಾದ್ ಅದನ್ನು ಮರೆಯಿಂದ ತೆಗೆದಿದ್ದಾಳೆ. ಕೂತವಳಿಗೆ ಅದು ತಿಳಿಯುವಂತಿರಲಿಲ್ಲ. ಫಿಲ್ಮು ತೊಳೆದದ್ದು ಇವತ್ತು. ವಿದಾದ್ ಮುದ್ರಿಸಿದ್ದ ಒಂದೇ ಪ್ರತಿ ಕಾಣೆಯಾಗಿದೆ. ಅದನ್ನು ಕಂಡವರು ಇವತ್ತು ಆ ಕೋಣೆಯಲ್ಲಿದ್ದವರೇ.

ಝುಹೈರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ತಾಯಿ ಅವನತ್ತ ನೋಡಲಿಲ್ಲ. ಎದೆಯ ಬಟ್ಟೆಯೊಳಗಿಂದ ಒದ್ದೆ ಕಾಗದದ ಚೂರುಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಗಳಿಗೆ ಕಾಫಿ ಕೊಡಲು ಮಹಡಿ ಹತ್ತಿದ್ದಳಂತೆ. ತಟ್ಟೆಯ ನೀರಿನಲ್ಲಿದ್ದ ಕಾಗದದ ಮೇಲೆ ತನ್ನ ಮುಖ ಮೂಡಿದ್ದು ಕಂಡಳಂತೆ. ಹರಿದುಬಿಡು ಎಂದು ಕಾಲು ಹಿಡಿದಳಂತೆ. ಇದೇ ನಿನ್ನ ನಿಜವಾದ ಮುಖ, ಎಲ್ಲರೂ ನೋಡಲಿ ಎಂದಳಂತೆ ಮಗಳು. ಕಿತ್ತುಕೊಳ್ಳಲು ಹೋಗಿ ತಳ್ಳಿದ್ದು. ತಲೆ ತೊಟ್ಟಿಗೆ ಬಡಿದದ್ದು.

"ಮದುವೆಯಾದ್ಮೇಲೆ ನಾನು ಮನಸಾರೆ ನಕ್ಕಿದ್ದು ಅದೊಂದೇ ಸಲ," ಎಂದಳು ಖದೂಜಾ. "ಅವರು ಸತ್ತ ದಿನ, ಒಬ್ಬಳೇ ಇದೀನಿ ಅಂದ್ಕೊಂಡು. ಅದನ್ನೂ ಗೋಡೆಗೆ ಹಾಕ್ತೀನಿ ಅಂದ್ಲು, ನನ್ನ ಮಗಳು."